ಒಲೆ ಹಚ್ಚದ ಮನೆ

ಮಾವ ಮುದುಕಪ್ಪ ತೀರಿಕೊಂಡ ದಿನದಿಂದ ಕಸ್ತೂರಿಯ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಅದು ಆ ಮನೆತನದ ಪದ್ಧತಿ. ದಿವಸದ ಕರ್ಮ ಆಗುವ ತನಕ ಸತ್ತವರ ಮನೆಯಲ್ಲಿ ಅಡಿಗೆ ಮಾಡಬಾರದು; ಓಣಿಯವರು, ಬೀಗರು, ಬಂಧುಬಳಗದವರು ಬುತ್ತಿ ತಂದು ಉಣಿಸಬೇಕು. ಹುಣಸಿಕೊಪ್ಪದ ನೇಕಾರರ ಓಣಿಯಲ್ಲಿ ಇದನ್ನು ಯಾರೂ ಯಾರಿಗೂ ಕಲಿಸಿಕೊಡಬೇಕಾಗಿರಲಿಲ್ಲ. ಹೆಣ ಎತ್ತಿದ ಮಧ್ಯಾಹ್ನವೇ ಎದುರುಮನೆಯ ಖಾತೂನಬಿ ಒಂದು ಬುಟ್ಟಿ ಜೋಳದ ರೊಟ್ಟಿ ತಂದಿಟ್ಟು, ಗೋಡೆಗೆ ಒರಗಿ ಕೂತಿದ್ದ ಅತ್ತೆಗೆ ಬೈದಿದ್ದಳು:

"ಬಾಳವ್ವಾ, ಏಳು, ಒಂದು ತುತ್ತು ಬಾಯಿಗೆ ಹಾಕ್ಕೋ. ಅಂವ ಹೋದ ಅಂತ ನೀನೂ ಹಿಂದ ಹೊಂಟರ ಈ ಮಕ್ಕಳ ಗತಿ ಏನಬೇ?"

ಊಟಕ್ಕೆ ಕೊರತೆಯಿರಲಿಲ್ಲ. ತೊಡಕಿದ್ದದ್ದು ಕಸ್ತೂರಿಯ ಗಂಡ ಕಲ್ಮೇಶನ ಊಟದ್ದು. ಅವನ ಎರಡೂ ಮೂತ್ರಪಿಂಡಗಳು ಕೈಕೊಟ್ಟು ವರ್ಷಗಳಾಗಿದ್ದವು. ವಾರಕ್ಕೆರಡು ಸಲ ತಾಲ್ಲೂಕು ಆಸ್ಪತ್ರೆಯ ಕುರ್ಚಿಯಲ್ಲಿ ಕೂತು, ಮೈಯ ರಕ್ತವನ್ನೆಲ್ಲ ಯಂತ್ರಕ್ಕೆ ಕೊಟ್ಟು, ತೊಳೆಸಿ, ವಾಪಸ್ ಪಡೆಯುತ್ತಿದ್ದ. ಒಂದು ಪಾಳಿ ತಪ್ಪಿದರೆ ಕಾಲು ಬಾಯುತ್ತಿತ್ತು. ಎರಡು ತಪ್ಪಿದರೆ ನೀರು ಎದೆಗೇರುತ್ತದೆ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಅವನ ಪಲ್ಯಕ್ಕೆ ಉಪ್ಪಿಲ್ಲ. ಕಾಯಿಪಲ್ಲೆಯನ್ನು ಒಂದು ಸಲ ಕುದಿಸಿ, ಆ ನೀರು ಚೆಲ್ಲಿ, ಹೊಸ ನೀರು ಹಾಕಿ ಮತ್ತೆ ಕುದಿಸಬೇಕು. ಇದಕ್ಕೆಂದೇ ಮನೆಯಲ್ಲಿ ಒಂದು ಚಿಕ್ಕ ಪಾತ್ರೆ ಬೇರೆ ಇತ್ತು. ಓಣಿಯ ಹೆಂಗಸರ ಕೈಗೆ ಉಪ್ಪು ಹಾಕುವುದು ಉಸಿರಾಡಿದಷ್ಟೇ ರೂಢಿ. ಪ್ರೀತಿಯಿಂದಲೇ ಒಂದು ಚಿಟಿಕೆ ಬಿದ್ದರೂ ಕೇಡು.

ಆ ಕೆಲಸವನ್ನು ಸೋದರತ್ತೆ ಪಾರವ್ವ ತಾನಾಗಿಯೇ ಮೇಲೆ ಹಾಕಿಕೊಂಡಳು. ಮುದುಕಪ್ಪನ ತಂಗಿ. ಹೊಳೆಯಾಚೆಯ ಮುಗಳಿಹಾಳಕ್ಕೆ ಮದುವೆಯಾಗಿ ಹೋದವಳು, ಹಾಗಾಗಿ ಅವಳ ಮನೆಯ ಒಲೆಗೆ ಈ ಸೂತಕ ತಾಗುತ್ತಿರಲಿಲ್ಲ. "ಅಣ್ಣನ ಮಣ್ಣಿಗೆ ಬಂದು ಅತ್ತು ಹೋದರ ಆತೇನು? ಅವನ ಮಗ ಉಪವಾಸ ಕೂಡ್ರಬಾರದು" ಎಂದು ದಿನಾ ಬೆಳಿಗ್ಗೆ ಎರಡು ಸಲ ಕುದಿಸಿ, ಉಪ್ಪಿಲ್ಲದ ಪಲ್ಯ ಮಾಡಿ, ಡಬ್ಬಿಗೆ ಅರಿವೆ ಕಟ್ಟಿ ಮೊದಲ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದಳು. ಹುಣಸಿಕೊಪ್ಪದ ಸ್ಟ್ಯಾಂಡಿನಲ್ಲಿ ಕಂಡಕ್ಟರ್, "ಯಾರೀ ಕಲ್ಮೇಶನ ಬುತ್ತಿ?" ಎಂದು ಕೂಗುತ್ತಿದ್ದ. ಓದುವ ಹುಡುಗರ ಬುತ್ತಿ ಸಾಗುವ ಬಸ್ಸಿನಲ್ಲಿ ಈಗ ರೋಗಿಯ ಬುತ್ತಿ ಬರುತ್ತಿತ್ತು.

ಈ ಪದ್ಧತಿಯಲ್ಲಿ ತಪ್ಪು ಎಲ್ಲಿದೆ ಎಂದು ಆಮೇಲೆ ಕಸ್ತೂರಿ ಹುಡುಕಿ ಹುಡುಕಿ ನೋಡಿದಳು. ಅವಳಿಗೆ ಸಿಗಲಿಲ್ಲ.

*

ಪಾಳಿಯ ದಿನ ಗಂಡನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದಳು. ಕಲ್ಮೇಶ ಎಂದಿನ ಕುರ್ಚಿಯಲ್ಲಿ ಕೂತು, ಮಣಿಕಟ್ಟಿನ ಪಟ್ಟಿಯನ್ನು ಯಂತ್ರದ ಕಣ್ಣಿಗೆ ಹಿಡಿದ. ಹಸಿರು ದೀಪ ಹತ್ತಲಿಲ್ಲ. ಪರದೆಯ ಮೇಲೆ ಅಕ್ಷರಗಳು ಮೂಡಿದವು:

‘ಈ ಫಲಾನುಭವಿಯ ಸೇವೆ ಮುಗಳಿಹಾಳಕ್ಕೆ ವರ್ಗಾವಣೆಯಾಗಿದೆ. ಹೊಸ ಊರಿನಲ್ಲಿ ತಮಗೆ ಶುಭವಾಗಲಿ.’

ಕಲ್ಮೇಶ ನಕ್ಕುಬಿಟ್ಟ. "ನಾ ಯಾವಾಗ ಊರು ಬಿಟ್ನಲೇ? ಕಸ್ತೂರಿ, ನೀ ಏನರ ನನ್ನ ಮಾರಿದೇನು?"

ಕಸ್ತೂರಿಗೆ ನಗು ಬರಲಿಲ್ಲ. ಏನಾದರೂ ಕೆಟ್ಟರೆ ಮೊದಲು ತನ್ನ ಕೈಯನ್ನೇ ನೋಡಿಕೊಳ್ಳುವವಳು ಅವಳು. ಪಟ್ಟಿ ತಿರುವಿ ಕಟ್ಟಿದೆನೇನೋ, ದಿನ ತಪ್ಪಿ ಬಂದೆನೇನೋ ಎಂದು ಮತ್ತೆ ಮತ್ತೆ ಒತ್ತಿದಳು. ನರ್ಸು ಬಂದು ನೋಡಿ ತುಟಿ ಕಚ್ಚಿಕೊಂಡಳು.

"ಅಕ್ಕಾರ, ಕುರ್ಚಿ ಖಾಲಿ ಐತಿ, ನನ್ನ ಕೈನೂ ಖಾಲಿ ಐತಿ. ಆದ್ರ ಯಂತ್ರ ಬಿಚ್ಚಂಗಿಲ್ಲ. ಅದಕ್ಕ ಇವ್ರು ಇಲ್ಲೇ ಇಲ್ಲ."

"ಇಲ್ಲೇ ಕುಂತಾರಲ್ಲವಾ!"

"ನನಗ ಕಾಣ್ತಾರರೀ. ಅದಕ್ಕ ಕಾಣಬೇಕಲ್ಲ."

ಕಲ್ಮೇಶನನ್ನು ಮನೆಗೆ ಬಿಟ್ಟು ಕಸ್ತೂರಿ ನೆಟ್ಟಗೆ ಗುಡ್ಡದ ಮೇಲಿನ ಕಟ್ಟಡಕ್ಕೆ ನಡೆದಳು. ಸೂತಕದ ರಜೆಯಲ್ಲಿದ್ದರೂ ಅಲ್ಲಿ ಅವಳಿಗೆ ಬಾಗಿಲು ತೆರೆಯುತ್ತಿತ್ತು. ಅವಳು ಅಲ್ಲಿಯೇ ಕೆಲಸ ಮಾಡುವವಳು.

*

ಆ ಕಟ್ಟಡದಲ್ಲಿ ‘ತಾನಾಗಿ’ ಇತ್ತು. ಇಡೀ ಜಿಲ್ಲೆಯ ಆಡಳಿತ ನಡೆಸುವ ಯಂತ್ರವ್ಯವಸ್ಥೆಗೆ ಸರ್ಕಾರ ಇಟ್ಟ ಹೆಸರು ಅದು. ಅರ್ಜಿ ಬೇಡ, ಕಚೇರಿ ಬೇಡ, ಯಾರ ಕಾಲೂ ಹಿಡಿಯುವುದು ಬೇಡ. ನಿಮಗೆ ಏನು ಸಲ್ಲಬೇಕೋ ಅದು ತಾನಾಗಿ ನಿಮ್ಮ ಮನೆಗೆ ಬರುತ್ತದೆ. ಅದು ಬಂದ ದಿನ ಊರು ಪೇಡೆ ಹಂಚಿತ್ತು. ಬಾಳವ್ವನಂಥವರು ಹಳೆಯ ಕಚೇರಿಗಳ ಮೆಟ್ಟಿಲು ಸವೆಸಿದವರು. ನೇಯುವ ಕೈಗಳಲ್ಲಿ ಬೆರಳಗುರುತು ಅಳಿಸಿಹೋಗಿ, ‘ನೀನು ನೀನಲ್ಲ’ ಎಂದು ರೇಶನ್ ಅಂಗಡಿಯಿಂದ ವಾಪಸ್ ಬಂದವರು. ಅವರಿಗೆಲ್ಲ ಇದು ದೇವರು ಕಣ್ಣು ಬಿಟ್ಟಂತೆ ಕಂಡಿತ್ತು.

ಬೆರಳು ಸವೆಯುತ್ತದೆ, ಮುಖ ಬದಲಾಗುತ್ತದೆ, ಕಾಗದ ಸುಳ್ಳು ಹೇಳುತ್ತದೆ. ಹಾಗಾದರೆ ಎಲ್ಲಿ ಎಷ್ಟು ಜನ ಬದುಕಿದ್ದಾರೆ ಎಂದು ತಿಳಿಯುವುದು ಹೇಗೆ? ಯಾರೋ ಜಾಣರು ಒಲೆಯನ್ನು ಹಿಡಿದರು. ಮನೆಮನೆಗೆ ಸರ್ಕಾರ ವಿದ್ಯುತ್ ಒಲೆ ಪುಕ್ಕಟೆ ಕೊಟ್ಟಿತು. ಒಲೆಯ ಹೊಟ್ಟೆಯಲ್ಲಿ ಒಂದು ಚಿಕ್ಕ ಬಿಲ್ಲೆ. ಪಾತ್ರೆಯ ತೂಕ ಎಷ್ಟು, ಎಷ್ಟು ಹೊತ್ತು ಕುದಿಯಿತು, ಉಪ್ಪು ಬಿತ್ತೋ ಇಲ್ಲವೋ, ಎಷ್ಟು ರೊಟ್ಟಿ ಬೆಂದವು ಎಲ್ಲವನ್ನೂ ಅದು ಗುಡ್ಡದ ಮೇಲಕ್ಕೆ ಕಳಿಸುತ್ತಿತ್ತು. ಅದರಿಂದ ‘ತಾನಾಗಿ’ ಹೊಟ್ಟೆಗಳನ್ನು ಎಣಿಸುತ್ತಿತ್ತು. ಮಗು ಹುಟ್ಟಿದ ಮನೆಯಲ್ಲಿ ಬಿಸಿನೀರು ಹೆಚ್ಚು ಕಾಯುತ್ತಲೇ ಲಸಿಕೆಯವರು ಬಾಗಿಲಿಗೆ ಬರುತ್ತಿದ್ದರು. ಮಗ ದುಡಿಯಲು ಬೇರೆ ಊರಿಗೆ ಹೋದರೆ ಅವನ ಪಡಿ ಅಲ್ಲಿಗೇ ಹೋಗುತ್ತಿತ್ತು. ‘ಹೊಟ್ಟೆ ಸುಳ್ಳು ಹೇಳುವುದಿಲ್ಲ’ ಎಂದು ಬಸ್ಸುಗಳ ಮೇಲೆಲ್ಲ ಬರೆಸಿದ್ದರು.

ಕಸ್ತೂರಿ ಅಲ್ಲಿ ನಿಗಾ ಸಹಾಯಕಿ. ಹಗಲು ಮಗ್ಗದ ಕೆಲಸ ಮಾಡುತ್ತ ಸಂಜೆ ಕಾಲೇಜಿನಲ್ಲಿ ಡಿಪ್ಲೊಮಾ ಮುಗಿಸಿ ಹಿಡಿದ ಕೆಲಸ. ಪರದೆಗಳನ್ನು ನೋಡಬೇಕು. ಆಸ್ಪತ್ರೆ, ಶಾಲೆ, ಪಡಿ ಅಂಗಡಿಗಳಿಂದ ಬರುವ ತಂತಿಗಳಲ್ಲಿ ಯಾವುದಾದರೂ ಕಡಿದರೆ ಲೈನ್‌ಮನ್‌ಗೆ ಫೋನು ಮಾಡಬೇಕು. ಅಷ್ಟೇ. ನೋಡಬಹುದು, ಮುಟ್ಟುವಂತಿಲ್ಲ. ‘ತಾನಾಗಿ’ಯ ತೀರ್ಮಾನವನ್ನು ಮನುಷ್ಯರು ತಿದ್ದಿದರೆ ಜೈಲು ಎಂದು ಕಾಯ್ದೆಯೇ ಇತ್ತು. ಜನ ಅದನ್ನು ಕೈ ಕಾಯ್ದೆ ಎನ್ನುತ್ತಿದ್ದರು. ಲಂಚ ತಿಂದ ಕೈಗಳನ್ನು ಕಂಡಿದ್ದ ಜನ ಅದಕ್ಕೂ ಚಪ್ಪಾಳೆ ತಟ್ಟಿದ್ದರು. ಕಸ್ತೂರಿಯೂ ತಟ್ಟಿದ್ದಳು.

ಪರದೆಯಲ್ಲಿ ತನ್ನ ಮನೆಯನ್ನು ತೆರೆದಳು. ನೇಕಾರರ ಓಣಿಯ ಹಸಿರು ಚುಕ್ಕೆಗಳ ನಡುವೆ ಒಂದು ಬೂದು ಚುಕ್ಕೆ. ಒತ್ತಿದಳು. ‘ತೆರವು. ಒಲೆ ಆರಿದೆ. ಕುಟುಂಬ ಸ್ಥಳಾಂತರಗೊಂಡಿದೆ.’ ಅತ್ತೆ ಬಾಳವ್ವ: ಎದುರುಮನೆ. ಖಾತೂನಬಿಯ ರೊಟ್ಟಿ ಹೆಚ್ಚಾಗಿದ್ದವಲ್ಲ. ಕಸ್ತೂರಿ: ಅದೇ ಎದುರುಮನೆ. ಕಲ್ಮೇಶ: ಮುಗಳಿಹಾಳ, ಪಾರವ್ವನ ಮನೆ. ‘ಆಧಾರ: ಉಪ್ಪಿಲ್ಲದೆ ಎರಡು ಬಾರಿ ಕುದಿಸುವ ಚಿಕ್ಕ ಪಾತ್ರೆ. ಹೋಲಿಕೆ ಸಂಪೂರ್ಣ.’

ಹೋಲಿಕೆ ಸಂಪೂರ್ಣ. ಪಾರವ್ವ ಒಂದು ಚಿಟಿಕೆಯನ್ನೂ ತಪ್ಪಿರಲಿಲ್ಲ.

*

"ನಿಮ್ಮ ಮಾವ ಹೋದ್ರಂತೆ, ಕೇಳಿ ಬೇಜಾರಾಯ್ತು" ಎಂದರು ನಿರ್ದೇಶಕ ಸುಮಂತ್. ಮೈಸೂರಿನ ಕಡೆಯವರು, ವಯಸ್ಸು ಕಡಿಮೆ, ದನಿ ಎತ್ತಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಪರದೆ ನೋಡುತ್ತಲೇ ಅವರಿಗೆ ಎಲ್ಲ ತಿಳಿಯಿತು. "ಒಲೆ ಹಚ್ಚಿಲ್ಲ ನೀವು."

"ಹಚ್ಚಂಗಿಲ್ಲರೀ ಸರ್. ದಿವಸ ಆಗಬೇಕು."

"ಗೊತ್ತು. ನಮ್ಮಮ್ಮ ಹೋದಾಗ ನಾವೂ ಹಚ್ಚಿರಲಿಲ್ಲ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಆಗ ‘ತಾನಾಗಿ’ ಇರಲಿಲ್ಲ."

"ನಿಮಗ ಗೊತ್ತಿತ್ತು ಅಂದ್ರ ಅದಕ್ಕ ಯಾಕ ಹೇಳಲಿಲ್ಲರೀ?"

"ಕಸ್ತೂರಿಯವರೇ, ಒಂದೊಂದು ಜಾತಿಗೆ ಒಂದೊಂದು ಪದ್ಧತಿ. ಮೂರು ದಿನ, ಐದು ದಿನ, ಹನ್ನೊಂದು ದಿನ. ಅದನ್ನೆಲ್ಲ ಹಾಕಿದ್ರೆ ಜನ ಸಾವಿನ ನೆಪದಲ್ಲಿ ಮೋಸ ಮಾಡ್ತಾರೆ ಅಂತ ಮೇಲಿನವರು ಬೇಡ ಅಂದ್ರು. ಮುಂದಿನ ಆವೃತ್ತಿಗೆ ಬರೆದು ಕಳಿಸ್ತೀನಿ. ಈ ಥರದ ಉದಾಹರಣೆ ಸಿಕ್ಕಿದ್ದು ಒಳ್ಳೇದೇ ಆಯ್ತು."

"ಅವ್ರ ಪಾಳಿ ಇವತ್ತು ತಪ್ಪೇತಿ ಸರ್. ಉದಾಹರಣೆ ಅಲ್ಲರೀ, ನನ್ನ ಗಂಡ."

ಸುಮಂತ್ ಕನ್ನಡಕ ಮತ್ತೆ ಹಾಕಿಕೊಂಡರು. "ನಾನು ಮುಟ್ಟಿದ್ರೆ ನಾನೂ ಒಳಗೆ. ಎರಡು ದಾರಿ ಇದೆ. ಮನೆಯಲ್ಲಿ ಒಲೆ ಹಚ್ಚಿ. ಹೋದವರು ವಾಪಸ್ ಬಂದ್ರೆ ಕಾಯಿಸಬಾರದು ಅಂತ ಒಂದು ನಿಯಮ ಇದೆ, ಒಂದೇ ಅಡುಗೆಗೆ ಎಲ್ಲ ವಾಪಸ್ ಬರುತ್ತೆ. ಆ ನಿಯಮ ನಾನೇ ಹಟ ಹಿಡಿದು ಹಾಕಿಸಿದ್ದು. ಇಲ್ಲಾಂದ್ರೆ ನಾಳೆ ಮುಗಳಿಹಾಳಕ್ಕೆ ಹೋಗಿ. ಅಲ್ಲಿನ ಆಸ್ಪತ್ರೆಯಲ್ಲಿ ಅವರ ಕುರ್ಚಿ ಕಾದಿದೆ."

ಹೊರಗೆ ಬಂದಾಗ ಕಸ್ತೂರಿಯ ಕಣ್ಣು ದೊಡ್ಡ ಪರದೆಯ ಮೇಲೆ ಬಿತ್ತು. ಜಿಲ್ಲೆಯ ತುಂಬ ಅಲ್ಲಲ್ಲಿ ಬೂದು ಚುಕ್ಕೆಗಳು. ದಿನಾ ನೋಡುತ್ತಿದ್ದಳು. ದುಡಿಯಲು ಗುಳೆ ಹೋದ ಮನೆಗಳು ಎಂದುಕೊಂಡಿದ್ದಳು. ಇವುಗಳಲ್ಲಿ ಎಷ್ಟು ಮನೆಗಳಲ್ಲಿ ಯಾರೋ ಗೋಡೆಗೆ ಒರಗಿ ಕೂತಿದ್ದರೋ! ಎಷ್ಟು ಬಸುರಿಯರ, ಎಷ್ಟು ಕ್ಷಯದವರ ಔಷಧಿ ಬುತ್ತಿಯ ಹಿಂದೆ ಯಾವ ಯಾವ ಊರಿಗೆ ಹೋಯಿತೋ! ಹೊಟ್ಟೆಯೊಳಗೆ ಏನೋ ಸುಟ್ಟಂತಾಯಿತು. ಅದು ಹೆದರಿಕೆ ಎಂದು ತಿಳಿದಳು. ಸಿಟ್ಟು ಎಂದು ಗೊತ್ತಾಗಲು ಇನ್ನೊಂದು ದಿನ ಬೇಕಾಯಿತು.

*

ಸಂಜೆ ಎಲ್ಲವನ್ನೂ ಮನೆಯಲ್ಲಿ ಹೇಳಿದಳು. ಬಾಳವ್ವ ಗೋಡೆಯ ಕಡೆ ನೋಡುತ್ತ ಕೂತಿದ್ದಳು. ಅಲ್ಲಿ ಮುದುಕಪ್ಪನ ಪೇಟ ಇನ್ನೂ ಗೂಟಕ್ಕೆ ತೂಗುತ್ತಿತ್ತು. ಕಲ್ಮೇಶನ ಕಾಲು ಆಗಲೇ ಬಾತು ಚಪ್ಪಲಿ ಹಿಡಿಯದಾಗಿತ್ತು.

"ಒಲಿ ಹಚ್ಚಿದರ ಎಲ್ಲಾ ವಾಪಸ್ ಬರ್ತೈತಂತ ಅತ್ತಿ" ಎಂದಳು. ಹೇಳಿ ನಾಲಗೆ ಕಚ್ಚಿಕೊಂಡಳು.

ಬಾಳವ್ವನ ಕಣ್ಣು ಪೇಟದ ಕಡೆ ಹೊರಳಿತು. ಕಲ್ಮೇಶನೇ ಹೇಳಿದ: "ಅಪ್ಪನ ದಿವಸ ಆಗೋ ತನಕ ಬ್ಯಾಡ. ನಾ ಸತ್ತಮ್ಯಾಲ ನೀವು ಹಂಗ ಮಾಡಿದ್ರ ನನಗ ಸಿಟ್ಟು ಬರ್ತಿತ್ತು. ಮುಗಳಿಹಾಳಕ್ಕ ಹೋಗ್ತೇನಿ ಬಿಡು. ಪಾರವ್ವತ್ತಿ ಕೈಯಾಗಿನ ಬಿಸಿ ಪಲ್ಯ ಒಂದು ಸಲ ಉಂಡು ಬರ್ತೇನಿ. ಬಸ್ಸಿನ್ಯಾಗ ಬರೂದರಾಗ ಆರಿ ಕಲ್ಲಾಗಿರ್ತೈತಿ."

"ನೀವು ಸಾಯೂ ಮಾತು ಆಡಬ್ಯಾಡ್ರಿ."

"ಉಪ್ಪಿಲ್ಲದ ಪಲ್ಯ ತಿಂದಾಂವಗ ಮಾತಿನಾಗರ ಒಂದೀಟು ಖಾರ ಬ್ಯಾಡೇನ?"

ಬೆಳಿಗ್ಗೆ ಖಾತೂನಬಿಯ ಗಂಡ ದಸ್ತಗೀರ್ ಸಾಬ ತಾನೇ ಎದ್ದು ಬಂದು, "ನಾ ಕರ್ಕೊಂಡು ಹೋಗ್ತೇನವಾ, ನೀ ಗುಡ್ಡದ ಮ್ಯಾಲ ಕುಂತು ಕುರ್ಚಿ ಕಾಯಿ" ಎಂದ. ಕಸ್ತೂರಿಗೂ ಅದೇ ಸರಿ ಎನಿಸಿತು. ಮತ್ತೇನಾದರೂ ಬದಲಾದರೆ ಅಲ್ಲಿಯಾದರೂ ಕಾಣುತ್ತದೆ. ಗಂಡನನ್ನು ಬಸ್ಸು ಹತ್ತಿಸಿದಳು. ಅವನು ಮೆಟ್ಟಿಲು ಹತ್ತುವಾಗ ನಿಂತು ನಿಂತು ಉಸಿರೆಳೆದುಕೊಂಡ. ಬಾಗಿಲಲ್ಲಿ ನಿಂತ ಬಾಳವ್ವ, ಮಗ ಓಣಿ ದಾಟುವಾಗಲೂ ಅದೇ ಏದುಸಿರನ್ನು ಕೇಳಿಸಿಕೊಂಡಿದ್ದಳು.

*

ನಿಯಂತ್ರಣ ಕೊಠಡಿಯಲ್ಲಿ ಕಸ್ತೂರಿ ಎರಡು ಆಸ್ಪತ್ರೆಗಳನ್ನೂ ಅಕ್ಕಪಕ್ಕ ತೆರೆದಿಟ್ಟುಕೊಂಡು ಕೂತಳು. ಮುಗಳಿಹಾಳದ ಕುರ್ಚಿಗಳ ಸಾಲಿನಲ್ಲಿ ‘ಕಲ್ಮೇಶ’ ಎಂಬ ಹೆಸರು ಹಸಿರಾಗಿ ಹೊಳೆಯುತ್ತಿತ್ತು. ದಸ್ತಗೀರ್ ಸಾಬ ಫೋನು ಮಾಡಿದ: "ಮುಟ್ಟಿದಿವವಾ. ಪಾರವ್ವನೂ ಬಂದಾಳ. ಕುರ್ಚಿ ಮ್ಯಾಲ ಕುಂಡ್ರಿಸ್ಯಾರ, ಸೂಜಿ ಹಾಕಾಕ ಹತ್ಯಾರ."

ಕಸ್ತೂರಿ ಕಣ್ಣು ಮುಚ್ಚಿ ಒಮ್ಮೆ ಉಸಿರು ಬಿಟ್ಟಳು. ಕಣ್ಣು ತೆರೆದಾಗ ಹಸಿರು ಹೆಸರು ಅಲ್ಲಿರಲಿಲ್ಲ.

ಅದು ಪಕ್ಕದ ಪರದೆಯಲ್ಲಿತ್ತು. ಹುಣಸಿಕೊಪ್ಪದ ಎಂದಿನ ಕುರ್ಚಿಯಲ್ಲಿ. ನೇಕಾರರ ಓಣಿಯ ಬೂದು ಚುಕ್ಕೆ ಹಸಿರಾಗಿತ್ತು.

ಕೂಡಲೇ ಮನೆಗೆ ಫೋನು ಮಾಡಿದಳು. ಬಾಳವ್ವನ ದನಿಯಲ್ಲಿ ಎಷ್ಟೋ ದಿನಗಳ ಮೇಲೆ ಜೀವ ಬಂದಿತ್ತು.

"ಒಲಿ ಹಚ್ಚೇನಿ ಯವ್ವಾ! ಅಂವ ಏಗಿಕೋತ ಹೋಗೂದು ನೋಡಿ ಕುಂಡ್ರಾಕ ಆಗಲಿಲ್ಲ. ಅವನ ಗಡಿಗಿನ ಇಟ್ಟೇನಿ. ಎರಡು ಸಲ ಕುದಿಸಿ ನೀರು ಬಸದೇನಿ, ಉಪ್ಪು ಹಾಕಿಲ್ಲ. ಅಲ್ಲಿ ಒಂದು ಕುರ್ಚಿ ಇರಲಿ, ಇಲ್ಲಿ ಒಂದು ಇರಲಿ. ಸತ್ತಾಂವ ಸಿಟ್ಟಾದರ ನನ್ನ ಮ್ಯಾಲ ಆಗಲಿ. ನಾನೂ ಮ್ಯಾಲ ಹೋದಾಗ ಕಾಲು ಹಿಡ್ಕೋತೇನಿ. ಛಲೋ ಆತಿಲ್ಲೋ?"

ಹಚ್ಚಬೇಡಿ ಎಂದು ತಾನು ಬಾಯಿ ಬಿಟ್ಟು ಹೇಳಿದ್ದೆನೆ? ಇಲ್ಲ. ಕಲ್ಮೇಶ ಹೇಳಿದ ಎಂದು ಸುಮ್ಮನಾಗಿದ್ದಳು. ಹಚ್ಚಿದರೆ ಮುಗಳಿಹಾಳದ ಕುರ್ಚಿ ಕೈಬಿಡುತ್ತದೆ ಎಂದು ಹೇಳಿರಲಿಲ್ಲ. ಗಂಡನ ಆತ್ಮಕ್ಕೆ ಬೆನ್ನು ತಿರುಗಿಸಿ ಮಗನಿಗಾಗಿ ಒಲೆಯ ಮುಂದೆ ಕೂತ ಮುದುಕಿಗೆ ಈಗ ಏನು ಹೇಳುವುದು?

"ಛಲೋ ಮಾಡಿದ್ರಿ ಅತ್ತಿ" ಎಂದು ಫೋನಿಟ್ಟಳು.

ಆ ಕಡೆಯಿಂದ ದಸ್ತಗೀರ್ ಸಾಬನ ಫೋನು. ಈ ಸಲ ಹಿಂದೆ ಪಾರವ್ವ ಚೀರುತ್ತಿದ್ದಳು, ಅವಳ ದನಿಯ ಮೇಲೆ ಅವನು ಕೂಗಿದ: "ಕಸ್ತೂರಿ, ಯಂತ್ರ ನಿಂತೈತಿ! ‘ನಿಮ್ಮ ಊರಿಗೆ ಸ್ವಾಗತ’ ಅಂತ ತೋರಸ್ತೈತಿ! ಯಾವ ಊರಿಗವಾ? ಸಿಸ್ಟರು ಸೂಜಿ ಹಿಡಕೊಂಡು ನಿಂತಾಳ. ಇಂವ ಮಾತಾಡವಲ್ಲ. ಉಸಿರು ಗೊರಗೊರ ಅಂತೈತಿ. ಡಾಕ್ಟರು ಆಕ್ಸಿಜನ್ ಹಚ್ಯಾರ, ಬಸ್ಸಿನ್ಯಾಗ ಕರ್ಕೊಂಡು ಹೋದ್ರ ದಾರ್ಯಾಗ ಹೋಗ್ತಾನ ಅಂತಾರ."

ಒಂದು ಪರದೆಯಲ್ಲಿ ಹುಣಸಿಕೊಪ್ಪದ ಕುರ್ಚಿ ಕಲ್ಮೇಶನಿಗಾಗಿ ಕಾಯುತ್ತಿತ್ತು, ಅದರಲ್ಲಿ ಯಾರೂ ಇರಲಿಲ್ಲ. ಇನ್ನೊಂದು ಪರದೆ ಮುಗಳಿಹಾಳದ ಕುರ್ಚಿಯನ್ನು ‘ಖಾಲಿ’ ಎಂದು ತೋರಿಸುತ್ತಿತ್ತು, ಅದರಲ್ಲಿ ಕಲ್ಮೇಶ ಕೂತಿದ್ದ. ಎರಡಕ್ಕೂ ಬೀಗ. ಜಿಲ್ಲೆಯ ಸೂಚಕದಲ್ಲಿ ಎಲ್ಲವೂ ಹಸಿರು.

ಆಗ ಕಸ್ತೂರಿಗೆ ತಿಳಿಯಿತು, ನಿನ್ನೆಯಿಂದ ಹೊಟ್ಟೆಯೊಳಗೆ ಉರಿಯುತ್ತಿದ್ದುದು ಹೆದರಿಕೆಯಲ್ಲ.

ಅವಳು ಸುಮಂತ್ ಅವರ ಬಾಗಿಲು ತಟ್ಟದೆ ಒಳಗೆ ಹೋದಳು. "ಸರ್, ಬರ್ರಿ. ನೋಡ್ರಿ."

ಅವರು ಬಂದು ನೋಡಿದರು. ಮುಖ ಬಿಳುಪೇರಿತು. "ವಾಪಸ್ ಬಂದವರನ್ನ ಕಾಯಿಸಬಾರದು ಅಂತ..." ಎಂದು ಅರ್ಧಕ್ಕೇ ನಿಂತರು.

"ಬೀಗ ತೆಗೀರಿ ಸರ್. ಒಂದು ಗುಂಡಿ ಒತ್ತಿ ಅವ್ರ ಹೆಸರು ಆ ಕುರ್ಚಿಗೆ ಹಾಕ್ರಿ."

"ಆ ಗುಂಡಿಯೇ ಇಲ್ಲ ಕಸ್ತೂರಿಯವರೇ. ಕೈ ಕಾಯ್ದೆ ಬಂದಾಗ ತೆಗೆಸಿದ್ರು. ಮೇಲಕ್ಕೆ ಬರೀಬಹುದು. ಸಮಿತಿ ಕೂತು..."

"ಸಮಿತಿ ಕುಂಡ್ರೂದರಾಗ ಅವ್ರು ಮಲಗಿರ್ತಾರ್ರಿ!"

ಕೊಠಡಿಯಲ್ಲಿದ್ದ ಇನ್ನಿಬ್ಬರು ತಲೆ ಎತ್ತಿದರು. ಕಸ್ತೂರಿ ಅಲ್ಲಿ ದನಿ ಎತ್ತಿದ್ದು ಅದೇ ಮೊದಲು.

"ನಾ ದಿನಾ ಈ ಕೊಠಡಿ ಕಸ ಹೊಡಿಯೂ ಮೊದಲ ಬಂದು ಕುಂಡ್ರಾಕಿ. ಒಂದು ದೀಪ ಮಿಣುಕಿದ್ರ ನಂದ ತಪ್ಪು ಅಂತ ನಿದ್ದಿ ಬಿಟ್ಟಾಕಿ. ಇವತ್ತು ಯಾರ ತಪ್ಪು ಹೇಳ್ರಿ ಸರ್. ನಮ್ಮತ್ತಿ ಒಲಿ ಹಚ್ಚಿದ್ದು ತಪ್ಪೇನು? ಹಚ್ಚದ ಇದ್ದದ್ದು ತಪ್ಪೇನು? ಪಾರವ್ವ ಉಪ್ಪು ಹಾಕಿದ್ರ ಅವ್ರು ಬದುಕತಿದ್ರೇನು?"

ಸುಮಂತ್ ಅವರ ಕಣ್ಣು ಪರದೆಯ ಮೇಲೆಯೇ ಇತ್ತು, ಯಾವುದಾದರೂ ಒಂದು ಸಾಲು ತಾನಾಗಿ ಬದಲಾದೀತು ಎಂದು ಕಾಯುವವರಂತೆ.

ಕಸ್ತೂರಿ ತಿರುಗಿ ತಂತಿಗಳ ಕಪಾಟಿನ ಕಡೆ ನಡೆದಳು. ಅವಳಿಗೆ ಆ ಕಪಾಟು ಅಡಿಗೆಮನೆಯ ನೆಲುವಿನಷ್ಟೇ ಪರಿಚಿತ. ಆಸ್ಪತ್ರೆಯ ತಂತಿ ಕಡಿದರೆ ಅಲ್ಲಿನ ಯಂತ್ರಗಳು ನರ್ಸಿನ ಕೈಗೆ ಬರುತ್ತವೆ. ಗಾಳಿಮಳೆಗೆ ಕಂಬ ಉರುಳುವ ನಾಡಿನಲ್ಲಿ ರೋಗಿ ಸಾಯಬಾರದೆಂದು ಅಷ್ಟನ್ನಾದರೂ ಯಾರೋ ಯೋಚಿಸಿದ್ದರು. ಅಂಥ ದಿನಗಳಲ್ಲಿ ಲೈನ್‌ಮನ್‌ಗೆ ಬೇಗ ಬೇಗ ಎಂದು ಒತ್ತಾಯಿಸುತ್ತಿದ್ದವಳು ಇವಳೇ.

"ಕಸ್ತೂರಿಯವರೇ, ಮುಟ್ಟಬೇಡಿ" ಎಂದರು ಸುಮಂತ್. "ನೌಕರಿ ಹೋಗುತ್ತೆ. ಜೈಲಾಗುತ್ತೆ. ದಯವಿಟ್ಟು."

ಮುಗಳಿಹಾಳದ ಹಳದಿ ತಂತಿಯನ್ನು ಅವಳು ಕಿತ್ತಳು. ಪರದೆ ಕಣ್ಣು ಮಿಟುಕಿಸಿತು, ಆದರೆ ಸಾಲು ಹಾಗೆಯೇ ಇತ್ತು. ಒಂದು ಹೋದರೆ ಇನ್ನೊಂದು ಇರಲೆಂದು ಹಾಕಿದ ನೀಲಿ ತಂತಿ ಮೇಲಿನ ಖಾನೆಯಲ್ಲಿತ್ತು. ತುದಿಗಾಲಲ್ಲಿ ನಿಂತರೂ ಎಟುಕಲಿಲ್ಲ. ಕುರ್ಚಿ ಎಳೆದು, ಹತ್ತಿ, ಅದನ್ನೂ ಕಿತ್ತಳು. ಮುಗಳಿಹಾಳ ಪೂರ್ತಿ ಕಪ್ಪಾಯಿತು.

ಫೋನು ಕಿವಿಗೆ ಹಿಡಿದಳು. "ಚಾಚಾ, ಸಿಸ್ಟರಿಗೆ ಹೇಳ್ರಿ. ಈಗ ಆಕಿ ಕೈಯಾಗ ಐತಿ."

ಆ ಕಡೆ ಯಾರೋ ಓಡಿದರು. ಏನೋ ಬಿತ್ತು. ಪಾರವ್ವ ಯಾವುದೋ ದೇವರ ಹೆಸರು ಕೂಗುತ್ತಿದ್ದಳು. ಆಮೇಲೆ ಯಂತ್ರ ತಿರುಗುವ ಗುಯ್ ಎಂಬ ಸದ್ದು ಫೋನಿನಲ್ಲಿ ಸಣ್ಣಗೆ ಕೇಳಿತು. ಕಸ್ತೂರಿ ಕುರ್ಚಿಯ ಮೇಲೆಯೇ ನಿಂತು ಅದನ್ನು ಕೇಳಿದಳು. ಕೈಯಲ್ಲಿದ್ದ ಎರಡು ತಂತಿಗಳನ್ನು, ಕಲ್ಮೇಶ ಪಾಳಿ ಮುಗಿಸಿ ತಾನೇ ಫೋನು ಹಿಡಿದು ಗೊಗ್ಗರು ದನಿಯಲ್ಲಿ "ಏನಲೇ, ಜೈಲಿಗೆ ಹೊಂಟಿದಿಯಂತ?" ಎಂದು ಕೇಳುವ ತನಕ ಅವಳು ಬಿಡಲಿಲ್ಲ. ಅಷ್ಟರಲ್ಲಿ ಊಟದ ಹೊತ್ತು ಮೀರಿತ್ತು.

*

"ನಾನು ನೋಡಿದೀನಿ" ಎಂದರು ಸುಮಂತ್, ಅವಳು ತಂತಿಗಳನ್ನು ಮತ್ತೆ ಸಿಕ್ಕಿಸಿದ ಮೇಲೆ. ದನಿಯಲ್ಲಿ ಕೋಪವಿರಲಿಲ್ಲ. "ಹೇಳಲೇಬೇಕಾಗುತ್ತೆ."

"ಹೇಳ್ರಿ ಸರ್. ಯಾರಿಗೆ ಹೇಳ್ತೀರಿ?"

ಅವರು ಪರದೆಯ ಮುಂದೆ ಕೂತರು. ಬಹಳ ಹೊತ್ತು ಹುಡುಕಿದರು. ದೂರು ಕೊಡುವ ಜಾಗವನ್ನು ಅರ್ಜಿಗಳ ಜೊತೆಗೇ ತೆಗೆದುಹಾಕಿದ್ದರು. ಅಪರಾಧವಾದರೆ ‘ತಾನಾಗಿ’ ತಿಳಿದು ಪೊಲೀಸರಿಗೆ ಕಳಿಸಬೇಕು. ‘ತಾನಾಗಿ’ಗೆ ತಿಳಿದದ್ದು ಇಷ್ಟು: ಮುಗಳಿಹಾಳದಲ್ಲಿ ತಂತಿ ದೋಷ, ಸರಿಪಡಿಸಲಾಗಿದೆ. ಹುಣಸಿಕೊಪ್ಪದಲ್ಲಿ ಕಲ್ಮೇಶ ಎಂಬ ಫಲಾನುಭವಿ ತಾನೇ ಸೇವೆ ಪಡೆಯಲು ಬಂದಿಲ್ಲ. ದೂರುಗಳು: ಇಲ್ಲ.

"ಏನೂ ಆಗೇ ಇಲ್ಲ ಅಂತಿದೆ" ಎಂದರು ಸುಮಂತ್. ಅವರ ಮುಖದಲ್ಲಿ ಒಂದು ಬಗೆಯ ಬಿಡುಗಡೆ ಕಂಡಿತು. "ಒಳ್ಳೇದೇ ಆಯ್ತು. ಮನೆಗೆ ಹೋಗಿ, ರೆಸ್ಟ್ ತಗೊಳ್ಳಿ. ಮುಂದಿನ ಪಾಳಿ ಇಲ್ಲೇ ಇದೆ, ಒಲೆ ಹಚ್ಚಿದೀರಲ್ಲ."

ತಾನೇ ಸೇವೆ ಪಡೆಯಲು ಬಂದಿಲ್ಲ. ಕಸ್ತೂರಿ ಆ ಸಾಲನ್ನು ನಿಂತು ಓದಿದಳು. ಮನೆಗೆ ಹೋಗಬಹುದಿತ್ತು. ನೌಕರಿ ಉಳಿಯುತ್ತಿತ್ತು, ಗಂಡ ಉಳಿದಿದ್ದ. ದೊಡ್ಡ ಪರದೆಯಲ್ಲಿ, ಹೊಳೆಯ ದಂಡೆಯ ಯಾವುದೋ ಹಳ್ಳಿಯಲ್ಲಿ, ಒಂದು ಹಸಿರು ಚುಕ್ಕೆ ಅವಳ ಕಣ್ಣೆದುರಿಗೇ ಬೂದಾಯಿತು.

ಅವಳು ಗುಡ್ಡ ಇಳಿದು ಮನೆಯ ದಾರಿ ಬಿಟ್ಟು ಪೊಲೀಸ್ ಠಾಣೆಗೆ ಹೋದಳು.

ಹವಾಲ್ದಾರ ಯಮನೂರಪ್ಪ ಹೊರಗಿನ ಬೆಂಚಿನ ಮೇಲೆ ಶೇಂಗಾ ತಿನ್ನುತ್ತ ಕೂತಿದ್ದ. ಠಾಣೆಗೆ ಜನ ಬರುವುದೇ ನಿಂತುಹೋಗಿ ವರ್ಷಗಳಾಗಿದ್ದವು.

"ನನ್ನ ಮ್ಯಾಲ ಕೇಸು ಹಾಕ್ರಿ" ಎಂದಳು.

ಅವನು ಸಿಪ್ಪೆ ಉಗುಳಿದ. "ಏನಂತವಾ?"

"ಸರ್ಕಾರದ ತಂತಿ ಕಿತ್ತೇನಿ. ಕೈ ಕಾಯ್ದೆ ಮುರದೇನಿ. ನೋಡಿದವರದಾರ, ಅವರ ಹೆಸರೂ ಕೊಡ್ತೇನಿ."

ಯಮನೂರಪ್ಪ ಒಳಗೆ ಹೋಗಿ ಪರದೆ ನೋಡಿ ಬಂದ. "ನಿನ್ನ ಹೆಸರು ಬಂದಿಲ್ಲ ತಂಗಿ. ಬಂದರ ನಾವ ಮನಿಗೆ ಬರ್ತೇವಿ, ನೀ ಯಾಕ ಬಿಸಲಾಗ ಬಂದಿ? ಹೋಗು, ಹೋಗು. ಜನ ಕೇಸು ತೆಗೀರಿ ಅಂತ ಅಳತಾರ, ನೀ ಹಾಕ್ರಿ ಅಂತೀಯಲ್ಲ."

"ಕೇಸು ಹಾಕಿದರ ಕೋರ್ಟಿಗೆ ಹೋಗ್ತೈತಿಲ್ರಿ? ಅಲ್ಲಿ ಕುಂಡ್ರಾಂವ ಮನಶಾನ ಇನ್ನೂ?"

"ಹೌದು. ಜಡ್ಜ್ ಸಾಹೇಬ್ರು ಮನಶಾನ ಅದಾರ. ಅದೊಂದು ಉಳದೈತಿ."

"ಹಂಗಾರ ನನಗ ಅವ್ರ ಮುಂದ ನಿಂದ್ರಬೇಕು. ಯಾಕ ಕಿತ್ತಿ ಅಂತ ಅವ್ರು ನನ್ನ ಕೇಳಬೇಕು. ಕೇಳದ ಇದ್ರ ನಾ ಹ್ಯಾಂಗ ಹೇಳ್ಲಿ? ಹೇಳಾಕ ಈ ಜಿಲ್ಲಾದಾಗ ಬ್ಯಾರೆ ಜಾಗ ಎಲ್ಲೈತಿ ತೋರಸ್ರಿ!"

ಅವಳ ದನಿಗೆ ಒಳಗಿದ್ದ ಇನ್‌ಸ್ಪೆಕ್ಟರ್ ಸಾಹೇಬರೂ ಬಾಗಿಲಿಗೆ ಬಂದರು. ಹಾದಿಯಲ್ಲಿ ಹೋಗುತ್ತಿದ್ದ ಒಬ್ಬ ತರಕಾರಿಯವಳು ಬುಟ್ಟಿ ಇಳಿಸಿ ನಿಂತಳು. ಕಸ್ತೂರಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ತಾನು ಮಾಡುತ್ತಿರುವುದು ಸರಿಯೋ ತಪ್ಪೋ ಎಂಬ ಹಳೆಯ ಅನುಮಾನ ಆಗಲೂ ಅವಳನ್ನು ಬಿಟ್ಟಿರಲಿಲ್ಲ. ಆದರೆ ಏಳಲಿಲ್ಲ.

"ಬರೀರಿ" ಎಂದಳು. "ನೀವು ಬರಿಯೂ ತನಕ ಇಲ್ಲೇ ಕುಂತಿರ್ತೇನಿ."

ಯಮನೂರಪ್ಪ ಸಾಹೇಬರ ಮುಖ ನೋಡಿದ. ಸಾಹೇಬರು ಆಕಾಶ ನೋಡಿದರು. ಕೊನೆಗೆ ಹವಾಲ್ದಾರ ಒಳಗೆ ಹೋಗಿ ಮೇಜಿನ ಡ್ರಾಗಳನ್ನೆಲ್ಲ ಎಳೆದಾಡಿ, ಎಲ್ಲೋ ಒಂದು ಪೆನ್ನು ಹುಡುಕಿ, ಒಂದು ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅವಳ ಪಕ್ಕದ ಮೆಟ್ಟಿಲಲ್ಲಿ ಕೂತ. ಬರೆದು ಬಹಳ ಕಾಲವಾಗಿತ್ತು. ಮೊದಲ ಅಕ್ಷರ ಹೊರಡಲು ಪೆನ್ನನ್ನು ಎರಡು ಸಲ ಕೊಡವಬೇಕಾಯಿತು.

"ಹೆಸರು?"

"ಕಸ್ತೂರಿ. ಕಲ್ಮೇಶನ ಹೇಣ್ತಿ. ನೇಕಾರರ ಓಣಿ."

"ಮನ್ಯಾಗ ಎಷ್ಟು ಮಂದಿ?"

ಅವಳು ಅವನ ಕಡೆ ತಿರುಗಿದಳು.

"ಮೂರು ಮಂದಿ. ಬಂದು ಎಣಿಸ್ರಿ."